ಗೃಹಬಳಕೆಯ ದೂರದರ್ಶಕ: ಜೋಡಣೆ ಮತ್ತು ಸುರಕ್ಷಿತ ಬಳಕೆ ಕುರಿತು ಸಾರ್ವಜನಿಕ ಮಾಹಿತಿ

ಆಕಾಶ ವೀಕ್ಷಣೆಗಾಗಿ 60 ಮಿ.ಮೀ.ನಿಂದ 130 ಮಿ.ಮೀ.ವರೆಗಿನ ವ್ಯಾಸದ ದೂರದರ್ಶಕವನ್ನು ಮೊದಲ ಬಾರಿಗೆ ಬಳಸುವ ಸಾರ್ವಜನಿಕರ, ವಿಶೇಷವಾಗಿ ವಿದ್ಯಾರ್ಥಿಗಳ ಪೋಷಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಂತಹ ಉಪಕರಣವನ್ನು ಮನೆಯಲ್ಲಿ ಇಟ್ಟುಕೊಳ್ಳಲು ಯಾವುದೇ ಪರವಾನಗಿಯ ಅವಶ್ಯಕತೆ ಇರುವುದಿಲ್ಲ. ವಸತಿ ಸಮುಚ್ಚಯಗಳ ಸಾಮಾನ್ಯ ತಾರಸಿಯನ್ನು ರಾತ್ರಿ ವೇಳೆ ಬಳಸುವವರು ನಿವಾಸಿಗಳ ಸಂಘದ ಒಪ್ಪಿಗೆ ಪಡೆಯುವುದು ಸೂಕ್ತ.

ಮುಖ್ಯ ಎಚ್ಚರಿಕೆ: ಸೂರ್ಯನನ್ನು ನೋಡಕೂಡದು

ದೂರದರ್ಶಕದ ಮೂಲಕವಾಗಲಿ, ಅದಕ್ಕೆ ಅಳವಡಿಸಿರುವ ಫೈಂಡರ್ ಎಂಬ ಚಿಕ್ಕ ದುರ್ಬೀನಿನ ಮೂಲಕವಾಗಲಿ ಸೂರ್ಯನನ್ನು ಕ್ಷಣಮಾತ್ರವೂ ನೋಡತಕ್ಕದ್ದಲ್ಲ. ಹಗಲಿನಲ್ಲಿ ಕಣ್ಣಿನ ಪಾಪೆಯು ಸುಮಾರು 2 ಮಿ.ಮೀ. ಅಗಲವಿರುತ್ತದೆ. 70 ಮಿ.ಮೀ. ಮಸೂರವು ಅದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಬೆಳಕನ್ನು ಸಂಗ್ರಹಿಸುತ್ತದೆ. ಈ ಬೆಳಕು ಕಣ್ಣಿನ ಅಕ್ಷಿಪಟಲವನ್ನು ಸುಡುತ್ತದೆ. ಅಕ್ಷಿಪಟಲದಲ್ಲಿ ನೋವನ್ನು ತಿಳಿಸುವ ನರಗಳಿಲ್ಲದ ಕಾರಣ ಸುಟ್ಟದ್ದು ಆ ಕ್ಷಣದಲ್ಲಿ ತಿಳಿಯುವುದೇ ಇಲ್ಲ. ಕೆಲವು ಗಂಟೆಗಳ ನಂತರ ದೃಷ್ಟಿಯ ನಡುಭಾಗದಲ್ಲಿ ಕಪ್ಪು ಚುಕ್ಕೆ, ಮಸುಕು ಅಥವಾ ಗೆರೆಗಳು ಡೊಂಕಾಗಿ ಕಾಣುವ ದೋಷ ಗೋಚರಿಸಬಹುದು. ಇದಕ್ಕೆ ಖಚಿತವಾದ ಚಿಕಿತ್ಸೆ ಇರುವುದಿಲ್ಲ. ಕೆಲವರಲ್ಲಿ ದೃಷ್ಟಿಯು ಕ್ರಮೇಣ ಸುಧಾರಿಸಿದರೂ ಕೆಲವರಲ್ಲಿ ದೋಷವು ಶಾಶ್ವತವಾಗಿ ಉಳಿಯುತ್ತದೆ. ಮೇಲ್ಕಂಡ ಲಕ್ಷಣ ಕಂಡುಬಂದಲ್ಲಿ ಮನೆಮದ್ದು ಮಾಡದೆ ವಿಳಂಬವಿಲ್ಲದೆ ನೇತ್ರತಜ್ಞರನ್ನು ಕಾಣಬೇಕು.

ಕೆಲವು ಅಗ್ಗದ ದೂರದರ್ಶಕಗಳೊಂದಿಗೆ, ಐಪೀಸಿಗೆ, ಅಂದರೆ ಕಣ್ಣಿಡುವ ತುದಿಯ ಮಸೂರಕ್ಕೆ ತಿರುಗಿಸಿ ಕೂರಿಸುವ ಕಡುಗಪ್ಪು ಗಾಜಿನ ಚಿಕ್ಕ ಬಿಲ್ಲೆಯೊಂದನ್ನು 'ಸನ್ ಫಿಲ್ಟರ್' ಎಂಬ ಹೆಸರಿನಲ್ಲಿ ನೀಡಲಾಗುತ್ತದೆ. ಇದು ಅತ್ಯಂತ ಅಪಾಯಕಾರಿ. ಮುಂಭಾಗದ ಮಸೂರವು ಕೇಂದ್ರೀಕರಿಸಿದ ಶಾಖವೆಲ್ಲವೂ ಈ ಬಿಲ್ಲೆಯ ಮೇಲೆ ಬೀಳುವುದರಿಂದ, ವೀಕ್ಷಿಸುತ್ತಿರುವಾಗಲೇ ಅದು ಸೀಳಬಹುದು. ಅಂತಹ ಬಿಲ್ಲೆ ಪೆಟ್ಟಿಗೆಯಲ್ಲಿ ಇದ್ದಲ್ಲಿ ಅದನ್ನು ಒಡೆದು ವಿಲೇವಾರಿ ಮಾಡುವುದೇ ಸರಿ. ಇಟ್ಟುಕೊಂಡರೆ ಮುಂದೊಂದು ದಿನ ಮಕ್ಕಳ ಕೈಗೆ ಸಿಗುತ್ತದೆ.

ಸುರಕ್ಷಿತವಾದ ಸೌರ ಫಿಲ್ಟರ್ ದೂರದರ್ಶಕದ ಮುಂದಿನ ಬಾಯಿಯನ್ನು ಸಂಪೂರ್ಣವಾಗಿ ಮುಚ್ಚುವಂತಹುದು. ದೂರದರ್ಶಕಕ್ಕೆಂದೇ ತಯಾರಿಸಿ ಪ್ರಮಾಣೀಕರಿಸಿದ ಫಿಲ್ಟರನ್ನು ಮಾತ್ರ ಬಳಸಬೇಕು. ಬಳಸುವ ಪ್ರತಿ ಸಲವೂ ಪ್ರಖರವಾದ ವಿದ್ಯುತ್ ದೀಪಕ್ಕೆ ಹಿಡಿದು, ಸೂಜಿಮೊನೆಯಷ್ಟು ತೂತು ಕಂಡರೂ ಅದನ್ನು ಕೈಬಿಡಬೇಕು. ಗಾಳಿಗೆ ಹಾರದಂತೆ ಅಂಟುಪಟ್ಟಿಯಿಂದ ಬಿಗಿಯಬೇಕು. ಫೈಂಡರನ್ನು ಕಳಚಿಡಬೇಕು ಅಥವಾ ಅದರ ಮುಚ್ಚಳ ಹಾಕಿರಬೇಕು. ಗ್ರಹಣ ಕನ್ನಡಕವು ಬರಿಗಣ್ಣಿಗೆ ಮಾತ್ರ. ಅದನ್ನು ಧರಿಸಿ ದೂರದರ್ಶಕದಲ್ಲಿ ಇಣುಕಿದರೆ ಕನ್ನಡಕದ ಹಾಳೆಯೇ ಸುಟ್ಟು ಕಣ್ಣಿಗೆ ಹಾನಿಯಾಗುತ್ತದೆ. ಎಕ್ಸ್‌-ರೇ ಹಾಳೆ, ಮಸಿ ಹಿಡಿಸಿದ ಗಾಜು ಹಾಗೂ ಹಳ್ಳಿಗಳಲ್ಲಿ ರೂಢಿಯಲ್ಲಿರುವ ಸಗಣಿ ನೀರು ಅಥವಾ ಅರಿಶಿನ ನೀರಿನ ಪ್ರತಿಬಿಂಬ, ಇವು ಯಾವುವೂ ಸುರಕ್ಷಿತವಲ್ಲ.

2019ರ ಡಿಸೆಂಬರ್ 26ರಂದು ಮಂಗಳೂರು ಹಾಗೂ ಕೊಡಗಿನ ಕುಟ್ಟ ಪ್ರದೇಶಗಳು ಕಂಕಣ ಗ್ರಹಣದ ಪಥದಲ್ಲಿದ್ದವು. ಕಂಕಣ ಗ್ರಹಣದಲ್ಲಿ ಸೂರ್ಯನ ಅಂಚು ಉಂಗುರದಂತೆ ಉಳಿಯುವುದರಿಂದ ಫಿಲ್ಟರ್ ತೆಗೆಯಬಹುದಾದ ಕ್ಷಣವೇ ಇರುವುದಿಲ್ಲ. 2027ರ ಆಗಸ್ಟ್ 2ರ ಗ್ರಹಣವು ಈಜಿಪ್ಟ್ ಮೊದಲಾದೆಡೆ ಖಗ್ರಾಸವಾಗಿದ್ದರೂ ಕರ್ನಾಟಕದಲ್ಲಿ ಪಾರ್ಶ್ವ ಗ್ರಹಣ ಮಾತ್ರ ಆಗಿರುವುದರಿಂದ ಅಂದೂ ಇದೇ ನಿಯಮ ಅನ್ವಯಿಸುತ್ತದೆ.

ಉಪಯೋಗದಲ್ಲಿ ಇಲ್ಲದಿರುವಾಗಲೂ ಮುಚ್ಚಳವಿಲ್ಲದ ದೂರದರ್ಶಕವನ್ನು ಬಿಸಿಲಿನಲ್ಲಿ ಬಿಡಬಾರದು. ಕೇಂದ್ರೀಕೃತ ಬಿಸಿಲಿನಿಂದ ಪರದೆ, ಕಾಗದ ಮುಂತಾದವು ಹೊತ್ತಿಕೊಳ್ಳುವ ಸಂಭವವಿರುತ್ತದೆ.

ಖರೀದಿಸುವಾಗ

ಪೆಟ್ಟಿಗೆಯ ಮೇಲೆ ಮುದ್ರಿಸಿದ ವರ್ಧನೆಯ ಸಂಖ್ಯೆಗೆ ಮರುಳಾಗಬಾರದು. ವರ್ಧನೆ ಎಂದರೆ ದೂರದರ್ಶಕದ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದಾಗ ಬರುವ ಸಂಖ್ಯೆ. 700 ಮಿ.ಮೀ. ಸಂಗಮದೂರದ ದೂರದರ್ಶಕಕ್ಕೆ 25 ಮಿ.ಮೀ. ಐಪೀಸ್ ಹಾಕಿದರೆ 28 ಪಟ್ಟು, 10 ಮಿ.ಮೀ. ಹಾಕಿದರೆ 70 ಪಟ್ಟು. ಅದಕ್ಕೇ 4 ಮಿ.ಮೀ. ಐಪೀಸ್ ಮತ್ತು ಮೂರು ಪಟ್ಟಿನ ಬಾರ್ಲೊ ಮಸೂರ ಸೇರಿಸಿ 525 ಪಟ್ಟು ಎಂದು ಬರೆದುಬಿಡಬಹುದು. ಲೆಕ್ಕ ಸರಿ; ಕಾಣುವುದು ಮಾತ್ರ ಮಂಜು. ಮುಂಭಾಗದ ಮಸೂರ ಅಥವಾ ಕನ್ನಡಿಯ ವ್ಯಾಸದ ಮಿಲಿಮೀಟರ್ ಸಂಖ್ಯೆಯ ಎರಡರಷ್ಟು ಪಟ್ಟು ಉಪಯುಕ್ತ ವರ್ಧನೆಯ ಗರಿಷ್ಠ ಮಿತಿ, ಅಂದರೆ 70 ಮಿ.ಮೀ. ದೂರದರ್ಶಕಕ್ಕೆ 140 ಪಟ್ಟು. ಆದಕಾರಣ ವ್ಯಾಸವನ್ನೂ ಮುಕ್ಕಾಲಿಯ ಗಟ್ಟಿತನವನ್ನೂ ನೋಡಿ ಖರೀದಿಸಬೇಕು. ಕೊಳವೆಯನ್ನು ಬೆರಳಿನಿಂದ ಮೆಲ್ಲನೆ ತಟ್ಟಿದಾಗ ಅಲುಗಾಟವು ಒಂದೆರಡು ಸೆಕೆಂಡಿನಲ್ಲಿ ನಿಲ್ಲದಿದ್ದರೆ ಆ ಮುಕ್ಕಾಲಿಯು ನಿರುಪಯುಕ್ತ. ರಸೀದಿ ಮತ್ತು ವಾರಂಟಿ ಚೀಟಿಯನ್ನು ಕಾಪಾಡಿಕೊಳ್ಳಬೇಕು.

ಆಧಾರಪೀಠದಲ್ಲಿ ಎರಡು ವಿಧ. ಮೇಲೆ-ಕೆಳಗೆ ಹಾಗೂ ಎಡ-ಬಲಕ್ಕೆ ತಿರುಗುವುದು ಸರಳ ಪೀಠ. ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಓರೆಯಾಗಿಟ್ಟು ಬಳಸುವುದು ಈಕ್ವಟೋರಿಯಲ್ ಪೀಠ. ಎರಡನೆಯದನ್ನು ಸ್ಥಳದ ಅಕ್ಷಾಂಶಕ್ಕೆ ಹೊಂದಿಸಬೇಕಾಗುತ್ತದೆ. ಬೆಂಗಳೂರಿಗೆ ಇದು 13 ಡಿಗ್ರಿ, ಬೆಳಗಾವಿಗೆ ಸುಮಾರು 16, ಬೀದರಿಗೆ ಸುಮಾರು 18. ಶೀತವಲಯದ ದೇಶಗಳನ್ನು ಗಮನದಲ್ಲಿಟ್ಟು ತಯಾರಾದ ಅನೇಕ ಪೀಠಗಳು ಇಷ್ಟು ಕೆಳಕ್ಕೆ ಬಾಗುವುದಿಲ್ಲ. ಬಾಗಿದರೂ ಪ್ರತಿಭಾರದ ಸಲಾಕೆಯು ಮುಕ್ಕಾಲಿಯ ಕಾಲಿಗೆ ತಗಲುವುದುಂಟು. ಧ್ರುವ ನಕ್ಷತ್ರವೂ ಬೆಂಗಳೂರಿನಲ್ಲಿ ದಿಗಂತದಿಂದ 13 ಡಿಗ್ರಿ ಮಾತ್ರ ಮೇಲಿದ್ದು ಕಟ್ಟಡಗಳ ಹಿಂದೆ ಮರೆಯಾಗಿರುತ್ತದೆ. ಹೀಗಾಗಿ ಕರ್ನಾಟಕದಲ್ಲಿ ಮೊದಲ ದೂರದರ್ಶಕಕ್ಕೆ ಸರಳ ಪೀಠವೇ ಮೇಲು. ಈಗಾಗಲೇ ಈಕ್ವಟೋರಿಯಲ್ ಪೀಠ ಹೊಂದಿರುವವರು ದಿಕ್ಸೂಚಿಯ ನೆರವಿನಿಂದ ಅಕ್ಷವನ್ನು ಉತ್ತರಕ್ಕೆ ಇಡಬಹುದು. ನಮ್ಮ ರಾಜ್ಯದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನೈಜ ಉತ್ತರಕ್ಕೂ ಇರುವ ವ್ಯತ್ಯಾಸವು ವೀಕ್ಷಣೆಗೆ ಅಡ್ಡಿಯಾಗದಷ್ಟು ಅಲ್ಪ.

ಜೋಡಣೆ

ಮೊದಲ ಜೋಡಣೆಯನ್ನು ಹಗಲಿನಲ್ಲಿ ಮನೆಯೊಳಗೆ ಮಾಡಿ ಪ್ರತಿ ತಿರುಪಿನ ಪರಿಚಯ ಮಾಡಿಕೊಳ್ಳಬೇಕು. ಮುಕ್ಕಾಲಿಯ ಕಾಲುಗಳನ್ನು ಪೂರ್ತಿ ಉದ್ದಕ್ಕೆ ಎಳೆಯದೆ, ಕುರ್ಚಿಯಲ್ಲಿ ಕುಳಿತು ನೋಡುವಷ್ಟು ಎತ್ತರಕ್ಕೆ ನಿಲ್ಲಿಸಿದರೆ ಅಲುಗಾಟ ಕಡಿಮೆ. ಪ್ರತಿಭಾರವಿರುವ ಪೀಠದಲ್ಲಿ ಮೊದಲು ಪ್ರತಿಭಾರ, ನಂತರ ಕೊಳವೆ. ಕಳಚುವಾಗ ಮೊದಲು ಕೊಳವೆ, ನಂತರ ಪ್ರತಿಭಾರ. ಈ ಕ್ರಮ ತಪ್ಪಿದರೆ ಉಪಕರಣ ಮಗುಚಿ ಕಾಲಿನ ಮೇಲೆ ಬೀಳಬಹುದು.

ಫೈಂಡರನ್ನು ಹೊಂದಿಸುವ ಕೆಲಸವನ್ನು ಹೊಸಬರು ಸಾಮಾನ್ಯವಾಗಿ ಕೈಬಿಡುತ್ತಾರೆ. ದೂರದರ್ಶಕದಲ್ಲಿ ಏನೂ ಕಾಣುವುದಿಲ್ಲ ಎಂಬ ದೂರಿಗೆ ಬಹುಪಾಲು ಇದೇ ಕಾರಣ. ದೂರದರ್ಶಕದಲ್ಲಿ ಒಮ್ಮೆಗೆ ಕಾಣುವ ಆಕಾಶವು ಒಂದೆರಡು ಚಂದ್ರಬಿಂಬಗಳಷ್ಟು ಅಗಲ ಮಾತ್ರ ಇರುವುದರಿಂದ ಅಂದಾಜಿನಲ್ಲಿ ಗುರಿಯಿಡುವುದು ಅಸಾಧ್ಯ. ಸಂಜೆಯಾದರೆ ಪೂರ್ವಕ್ಕೆ, ಬೆಳಿಗ್ಗೆಯಾದರೆ ಪಶ್ಚಿಮಕ್ಕೆ, ಅಂದರೆ ಸೂರ್ಯನಿಗೆ ಬೆನ್ನು ಮಾಡಿ, ಗೋಡೆಯ ನೆರಳಿನಲ್ಲಿ ದೂರದರ್ಶಕವನ್ನಿಟ್ಟು ಕನಿಷ್ಠ ಅರ್ಧ ಕಿಲೋಮೀಟರ್ ದೂರದ ಮೊಬೈಲ್ ಟವರ್ ಅಥವಾ ನೀರಿನ ಟ್ಯಾಂಕಿನ ತುದಿಯನ್ನು ಕಡಿಮೆ ವರ್ಧನೆಯ ಐಪೀಸಿನ ನಡುವಿಗೆ ತರಬೇಕು. ಕೊಳವೆ ಅಲುಗದಂತೆ ಬಿಗಿದು, ಫೈಂಡರಿನ ತಿರುಪುಗಳನ್ನು ಸರಿಪಡಿಸುತ್ತಾ ಅದೇ ತುದಿಯನ್ನು ಫೈಂಡರಿನ ನಡುವಿಗೂ ತರಬೇಕು. ಚಿತ್ರವು ತಲೆಕೆಳಗಾಗಿ ಅಥವಾ ಎಡಬಲ ಬದಲಾಗಿ ಕಾಣುವುದು ದೋಷವಲ್ಲ. ದೂರದರ್ಶಕವನ್ನು ನೆರೆಹೊರೆಯ ಕಿಟಕಿಗಳತ್ತ ತಿರುಗಿಸಬಾರದು.

ರಾತ್ರಿಯ ಬಳಕೆ

ಗಟ್ಟಿಯಾದ ಸಿಡಿಗೋಡೆಯುಳ್ಳ ತಾರಸಿ ಅಥವಾ ಅಂಗಳ ಉತ್ತಮ. ವಿದ್ಯುತ್ ತಂತಿಗಳು ಸಮೀಪದಲ್ಲಿ ಹಾದುಹೋಗುವ ತಾರಸಿಯಲ್ಲಿ ಲೋಹದ ಮುಕ್ಕಾಲಿಯನ್ನು ಎತ್ತಿ ಸಾಗಿಸಬಾರದು. ಕಣ್ಣು ಐಪೀಸಿನಲ್ಲಿರುವಾಗ ಕಾಲಿನ ಗಮನವಿರುವುದಿಲ್ಲ. ಆದ್ದರಿಂದ ತಾರಸಿಯ ಅಂಚಿನಿಂದ ಹಾಗೂ ಮೆಟ್ಟಿಲಿನಿಂದ ಸಾಕಷ್ಟು ದೂರದಲ್ಲಿ ನಿಲ್ಲಿಸುವುದು, ಮಕ್ಕಳ ಜೊತೆ ಹಿರಿಯರೊಬ್ಬರು ಇರುವುದು ಕಡ್ಡಾಯ. ಹಸಿರು ಲೇಸರ್ ಕಿರಣವನ್ನು ವಿಮಾನದತ್ತ ಅಥವಾ ಯಾರದೇ ಮುಖದತ್ತ ಹಾಯಿಸತಕ್ಕದ್ದಲ್ಲ.

ಬಿಸಿಲಿಗೆ ಕಾದ ಕಾಂಕ್ರೀಟ್ ತಾರಸಿಯು ಮುಸ್ಸಂಜೆಯ ನಂತರವೂ ಶಾಖ ಬಿಡುತ್ತಿರುವುದರಿಂದ ಬಿಂಬವು ನೀರಿನೊಳಗಿನ ಕಲ್ಲಿನಂತೆ ನಡುಗುತ್ತದೆ. ಅರ್ಧ ಗಂಟೆ ಮೊದಲೇ ದೂರದರ್ಶಕವನ್ನು ಹೊರಗಿಟ್ಟು, ರಾತ್ರಿ ಒಂಬತ್ತರ ನಂತರ ನೋಡುವುದು ಲೇಸು. ಕಣ್ಣು ಕತ್ತಲಿಗೆ ಒಗ್ಗಲು ಸುಮಾರು 20 ನಿಮಿಷ ಬೇಕಾಗುತ್ತದೆ. ಈ ಅವಧಿಯಲ್ಲಿ ಮೊಬೈಲ್ ಪರದೆಯನ್ನು ನೋಡಬಾರದು.

ಮೊದಲಿಗೆ 25 ಮಿ.ಮೀ. ಐಪೀಸ್ ಹಾಕಿ ಚಂದ್ರನನ್ನೇ ನೋಡಬೇಕು. ಪೂರ್ಣಿಮೆಯಂದು ನೆರಳಿಲ್ಲದೆ ಚಂದ್ರನು ಸಪ್ಪೆಯಾಗಿರುತ್ತಾನೆ. ಶುಕ್ಲಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ ಬೆಳಕು-ನೆರಳಿನ ಗಡಿಯುದ್ದಕ್ಕೂ ಕುಳಿಗಳೂ ಪರ್ವತಗಳೂ ಎದ್ದು ಕಾಣುತ್ತವೆ. ಚಂದ್ರನ ಬೆಳಕು ಕಣ್ಣು ಕುಕ್ಕಬಹುದಾದರೂ ಹಾನಿ ಮಾಡುವುದಿಲ್ಲ. ಭೂಮಿಯು ತಿರುಗುತ್ತಿರುವುದರಿಂದ ಚಂದ್ರನು ಎರಡು ನಿಮಿಷದಲ್ಲಿ ತನ್ನ ಬಿಂಬದಷ್ಟು ದೂರ ಸರಿಯುತ್ತಾನೆ. ಸಾಲಿನಲ್ಲಿ ನಿಂತ ಪ್ರತಿಯೊಬ್ಬರಿಗೂ ಮರುಹೊಂದಿಸಿ ಕೊಡಬೇಕು.

1610ರಲ್ಲಿ ಗೆಲಿಲಿಯೋ ಕಂಡ ಗುರುಗ್ರಹದ ನಾಲ್ಕು ಉಪಗ್ರಹಗಳು 28 ಪಟ್ಟು ವರ್ಧನೆಯಲ್ಲೇ ಕಾಣುತ್ತವೆ. ರಾತ್ರಿಯಿಂದ ರಾತ್ರಿಗೆ ಅವು ಜಾಗ ಬದಲಿಸುವುದನ್ನು ಮಕ್ಕಳು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಬಹುದು. ಶನಿಯ ಉಂಗುರಗಳು 2025ರ ಮಾರ್ಚ್‌ನಲ್ಲಿ ಭೂಮಿಗೆ ಅಂಚಾಗಿ ತಿರುಗಿ ಗೆರೆಯಂತಾಗಿದ್ದವು. ಮುಂದಿನ ವರ್ಷಗಳಲ್ಲಿ ಅವು ಮತ್ತೆ ತೆರೆದುಕೊಳ್ಳುತ್ತವೆ. ನಕ್ಷತ್ರಗಳು ಎಷ್ಟೇ ವರ್ಧಿಸಿದರೂ ಚುಕ್ಕೆಗಳೇ. ಪೆಟ್ಟಿಗೆಯ ಮೇಲಿನ ಬಣ್ಣದ ನೀಹಾರಿಕೆಗಳು ದೀರ್ಘ ಕಾಲ ಬೆಳಕು ಹಿಡಿದ ಛಾಯಾಚಿತ್ರಗಳಾಗಿದ್ದು, ಕಣ್ಣಿಗೆ ಅವು ಬೂದುಬಣ್ಣದ ಹೊಗೆಯಂತೆ ಕಾಣುತ್ತವೆ. ದಕ್ಷಿಣದಲ್ಲಿರುವುದರ ಲಾಭವೂ ಉಂಟು: ಬ್ರಿಟನ್ನಿನ ವೀಕ್ಷಕರಿಗೆ ಎಂದೂ ಉದಯಿಸದ ಒಮೆಗಾ ಸೆಂಟಾರಿ ಎಂಬ ಬೃಹತ್ ನಕ್ಷತ್ರಗುಚ್ಛವು ಏಪ್ರಿಲ್-ಮೇ ರಾತ್ರಿಗಳಲ್ಲಿ ಬೆಂಗಳೂರಿನ ದಕ್ಷಿಣ ದಿಗಂತದಿಂದ 30 ಡಿಗ್ರಿ ಎತ್ತರಕ್ಕೆ ಬರುತ್ತದೆ.

ಮಳೆಗಾಲದ ಸಂರಕ್ಷಣೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವೀಕ್ಷಣೆಗೆ ಅವಕಾಶ ವಿರಳ. ಕರಾವಳಿ ಮತ್ತು ಮಲೆನಾಡಿನಲ್ಲಿ ಈ ಅವಧಿಯಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುವುದು ದೊಡ್ಡ ತೊಂದರೆ. ಬೂಷ್ಟು ಗಾಜಿನ ಲೇಪನವನ್ನು ತಿಂದರೆ ಮರಳಿ ಸರಿಪಡಿಸಲಾಗದು. ಐಪೀಸುಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು, ಪೊಟ್ಟಣಗಳನ್ನು ಆಗಾಗ್ಗೆ ಬದಲಿಸಬೇಕು. ಇಬ್ಬನಿ ಬಿದ್ದ ರಾತ್ರಿ ಮಸೂರವನ್ನು ಒರೆಸದೆ, ಮನೆಯೊಳಗೆ ತಾನಾಗಿ ಆರಿದ ನಂತರ ಮುಚ್ಚಳ ಹಾಕಬೇಕು. ಧೂಳನ್ನು ಊದುಬುರುಡೆಯಿಂದ ಹಾರಿಸಬೇಕೇ ಹೊರತು ಸೆರಗಿನಿಂದಾಗಲಿ ಅಂಗಿಯ ತುದಿಯಿಂದಾಗಲಿ ಉಜ್ಜಬಾರದು. ಕೊಳವೆಯೊಳಗಿನ ಕನ್ನಡಿಯನ್ನು ಬಳಕೆದಾರರು ತಾವಾಗಿ ಮುಟ್ಟದಿರುವುದು ಒಳಿತು.

ಖರೀದಿಗೆ ಮುನ್ನ ದೂರದರ್ಶಕದ ಅನುಭವ ಪಡೆಯಲಿಚ್ಛಿಸುವವರು ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ ಅಥವಾ ಮಂಗಳೂರಿನ ಪಿಲಿಕುಳದಲ್ಲಿರುವ ಸ್ವಾಮಿ ವಿವೇಕಾನಂದ ತಾರಾಲಯವನ್ನು ಸಂಪರ್ಕಿಸಿ, ಆಕಾಶ ವೀಕ್ಷಣೆಯ ಕಾರ್ಯಕ್ರಮಗಳ ದಿನಾಂಕವನ್ನು ವಿಚಾರಿಸಬಹುದು.