ವಾಲಿದ್ದೋ, ವಾಲಿಸಿದ್ದೋ?

ಹೋದ ತಿಂಗಳು ಕನ್ನಡ ತರಗತಿಯಲ್ಲಿ ಮೇಷ್ಟ್ರು ಒಂದು ಇಂಗ್ಲಿಷ್ ಪದ ಕೊಟ್ಟು, ಅದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಹುಡುಕಿಕೊಂಡು ಬನ್ನಿ ಎಂದರು. ಪದ ‘ಲಾಪ್‌ಸೈಡೆಡ್’. ಸುಲಭ ಅಂದುಕೊಂಡೆ. ಮನೆಗೆ ಬಂದಾಗ ಅಮ್ಮ ತಂಗಿಗೆ ಎರಡು ಜಡೆ ಹಾಕುತ್ತಿದ್ದರು. ಒಂದು ಮೇಲೆ, ಒಂದು ಕೆಳಗೆ. ‘ಲಾಪ್‌ಸೈಡೆಡ್ ಆಗಿದೆ’ ಎಂದೆ. ‘ಸೊಟ್ಟ ಅನ್ನು, ಸಾಕು’ ಎಂದರು ಅಮ್ಮ.

ಆದರೆ ಈ ಪದವನ್ನು ಜಡೆಗಷ್ಟೇ ಬಳಸುವುದಿಲ್ಲ. ಒಂದು ತಂಡ ಹತ್ತು ಗೋಲು ಹೊಡೆದು ಇನ್ನೊಂದು ಸೊನ್ನೆಯಲ್ಲೇ ಉಳಿದರೆ ಅದು ಲಾಪ್‌ಸೈಡೆಡ್ ಪಂದ್ಯ. ಒಬ್ಬಳೇ ಯಾವಾಗಲೂ ಮೆಸೇಜ್ ಮಾಡಿ, ಇನ್ನೊಬ್ಬಳು ಉತ್ತರವನ್ನೇ ಕೊಡದಿದ್ದರೆ ಅದು ಲಾಪ್‌ಸೈಡೆಡ್ ಸ್ನೇಹ. ಸೊಟ್ಟ ಪಂದ್ಯ, ಸೊಟ್ಟ ಸ್ನೇಹ ಎಂದರೆ ನಗು ಬರುತ್ತದೆ.

ಪದದ ಮೂಲ ಹುಡುಕಿದಾಗ ಒಂದು ಆಶ್ಚರ್ಯ ಕಾದಿತ್ತು. ‘ಲಾಪ್’ ಎಂದರೆ ಜೋತು ಬೀಳುವುದು. ಕಿವಿ ಜೋತುಬಿದ್ದ ಮೊಲಗಳ ಹೆಸರಿನಲ್ಲಿ ಇರುವುದೂ ಇದೇ ಲಾಪ್. ‘ಲಾಪ್‌ಸೈಡೆಡ್’ ಎಂಬ ಪದ 18ನೇ ಶತಮಾನದ ಆರಂಭದಲ್ಲಿ ಮೊದಲು ಬಳಕೆಗೆ ಬಂದದ್ದು ಹಡಗುಗಳ ಬಗ್ಗೆ ಹೇಳುವಾಗ, ಒಂದು ಪಕ್ಕಕ್ಕೆ ವಾಲಿದ ಹಡಗಿಗೆ. ನಾನಿರುವುದು ಫುನಾಬೊರಿಯಲ್ಲಿ. ನಮ್ಮೂರಿನ ಹೆಸರಿನ ಮೊದಲ ಅಕ್ಷರದ ಅರ್ಥವೇ ದೋಣಿ, ಎರಡನೆಯದರ ಅರ್ಥ ಕಾಲುವೆ! ಇಲ್ಲಿನ ಶಿಂಕಾವಾ ಕಾಲುವೆಯಲ್ಲಿ ಒಂದು ಕಾಲಕ್ಕೆ ಗ್ಯೋತೊಕುವಿನ ಉಪ್ಪು ತುಂಬಿದ ದೋಣಿಗಳು ಎಡೊ ನಗರಕ್ಕೆ, ಅಂದರೆ ಇಂದಿನ ಟೋಕಿಯೋಗೆ, ಹೋಗುತ್ತಿದ್ದವು. ಉಪ್ಪಿನ ಮೂಟೆಗಳನ್ನೆಲ್ಲ ಒಂದೇ ಬದಿಗೆ ಪೇರಿಸಿದರೆ ದೋಣಿ ಏನಾಗುತ್ತದೆ ಎಂದು ಆ ಅಂಬಿಗರಿಗೆ ಯಾವ ನಿಘಂಟೂ ಹೇಳಬೇಕಿರಲಿಲ್ಲ.

ಅದೇ ವಾರ ಶಾಲೆಯ ಇತಿಹಾಸ ಪಾಠದಲ್ಲಿ ‘ಫುಬ್ಯೋಡೋ ಜೋಯಾಕು’ ಬಂತು. ಅಸಮಾನ ಒಪ್ಪಂದಗಳು ಎಂದರ್ಥ. ಜಪಾನ್ ಮತ್ತು ಅಮೆರಿಕದ ನಡುವಿನ ವಾಣಿಜ್ಯ ಒಪ್ಪಂದಕ್ಕೆ 1858ರ ಜುಲೈ 29ರಂದು ಸಹಿ ಬಿತ್ತು. ಸಹಿ ಹಾಕಿದ್ದು ಅರಮನೆಯಲ್ಲಲ್ಲ, ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಪೌಹಟನ್ ಎಂಬ ಅಮೆರಿಕದ ಯುದ್ಧನೌಕೆಯ ಮೇಲೆ. ಅದೇ ವರ್ಷ ಹಾಲೆಂಡ್, ರಷ್ಯಾ, ಬ್ರಿಟನ್, ಫ್ರಾನ್ಸ್ ಕೂಡ ಇಂಥದ್ದೇ ಒಪ್ಪಂದ ಮಾಡಿಕೊಂಡವು. ಇವುಗಳ ಪ್ರಕಾರ ಆಮದು ಸುಂಕವನ್ನು ಜಪಾನ್ ತನ್ನಿಷ್ಟದಂತೆ ಏರಿಸುವ ಹಾಗಿರಲಿಲ್ಲ. ಈ ದೇಶಗಳವರು ಜಪಾನಿನಲ್ಲಿ ತಪ್ಪು ಮಾಡಿದರೆ ವಿಚಾರಣೆ ಮಾಡುತ್ತಿದ್ದುದು ಅವರದೇ ದೇಶದ ಕಾನ್ಸುಲ್.

ನಾಣ್ಯದ ಕಥೆ ಇನ್ನೂ ವಿಚಿತ್ರ. ಆಗ ಜಪಾನಿನಲ್ಲಿ ಸುಮಾರು 5 ತೂಕ ಬೆಳ್ಳಿ ಕೊಟ್ಟರೆ 1 ತೂಕ ಚಿನ್ನ ಸಿಗುತ್ತಿತ್ತು. ಹೊರಗಿನ ಪ್ರಪಂಚದಲ್ಲಿ ಅದಕ್ಕೆ ಸುಮಾರು 15 ತೂಕ ಬೆಳ್ಳಿ ಬೇಕಿತ್ತು. ಬೆಳ್ಳಿ ತಂದು, ಚಿನ್ನ ಒಯ್ದು ಮಾರಿದರೆ ಏನೂ ದುಡಿಯದೆ ಹಣ ಮೂರು ಪಟ್ಟು! ಚಿನ್ನ ಹೊರಗೆ ಹರಿಯತೊಡಗಿತು. ಅದನ್ನು ತಡೆಯಲು 1860ರಲ್ಲಿ ಸರ್ಕಾರ ಚಿನ್ನದ ನಾಣ್ಯವನ್ನೇ ಚಿಕ್ಕದು ಮಾಡಿತು. ಬೆಲೆಗಳು ಏರಿದವು, ಕಷ್ಟಪಟ್ಟವರು ಸಾಮಾನ್ಯ ಜನ.

ನನ್ನನ್ನು ತುಂಬ ಕಾಡಿದ್ದು ಮಾತ್ರ ಇನ್ನೊಂದು ಹಡಗು. 1886ರ ಅಕ್ಟೋಬರ್ 24ರಂದು, ಯೊಕೊಹಾಮಾದಿಂದ ಕೋಬೆಗೆ ಹೊರಟಿದ್ದ ನಾರ್ಮಂಟನ್ ಎಂಬ ಬ್ರಿಟಿಷ್ ಹಡಗು ಕಿಯಿ ಕರಾವಳಿಯ ಬಳಿ ಮುಳುಗಿತು. ಕ್ಯಾಪ್ಟನ್ ಡ್ರೇಕ್ ಮತ್ತು ಯೂರೋಪಿನ ಸಿಬ್ಬಂದಿ ಜೀವರಕ್ಷಕ ದೋಣಿಗಳಲ್ಲಿ ಪಾರಾದರು. 25 ಮಂದಿ ಜಪಾನೀ ಪ್ರಯಾಣಿಕರಲ್ಲಿ ಒಬ್ಬರೂ ಉಳಿಯಲಿಲ್ಲ. ಕೋಬೆಯಲ್ಲಿ ನಡೆದ ಬ್ರಿಟಿಷ್ ವಿಚಾರಣೆ ಕ್ಯಾಪ್ಟನ್‌ನ ತಪ್ಪಿಲ್ಲ ಎಂದಿತು. ಜನ ಕೆರಳಿದ ಮೇಲೆ ಯೊಕೊಹಾಮಾದ ಬ್ರಿಟಿಷ್ ನ್ಯಾಯಾಲಯ ಅವನಿಗೆ ಮೂರು ತಿಂಗಳ ಸೆರೆವಾಸ ಕೊಟ್ಟಿತು. ಸತ್ತವರ ಮನೆಯವರಿಗೆ ಪರಿಹಾರ ಸಿಗಲಿಲ್ಲ.

ಇಷ್ಟು ನಮ್ಮ ಪಾಠದಲ್ಲೇ ಇತ್ತು. ನಾನೇ ಇನ್ನಷ್ಟು ಓದಿದಾಗ ಗೊತ್ತಾಯಿತು, ಆ ಹಡಗಿನಲ್ಲಿ ದುಡಿಯುತ್ತಿದ್ದ ಭಾರತೀಯರೂ ಮುಳುಗಿ ಸತ್ತಿದ್ದರು ಎಂದು. ತರಗತಿಯಲ್ಲಿ ಭಾರತದವಳು ನಾನೊಬ್ಬಳೇ. 25 ಎಂಬ ಸಂಖ್ಯೆಯನ್ನು ಪರೀಕ್ಷೆಗೆಂದು ಎಲ್ಲರೂ ಬಾಯಿಪಾಠ ಮಾಡಿದೆವು, ನಾನೂ ಮಾಡಿದೆ. ನಮ್ಮವರು ಆ ಲೆಕ್ಕದಲ್ಲಿ ಇರಲೇ ಇಲ್ಲ. ಅಸಮಾನತೆಯ ಪಾಠವೇ ಸ್ವಲ್ಪ ವಾಲಿದೆ ಅನ್ನಿಸಿತು.

ಭಾನುವಾರ ಮೈಸೂರಿನಲ್ಲಿರುವ ತಾತನಿಗೆ ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ಹೇಳಿದೆ. ‘ನಮ್ಮ ಮೈಸೂರಿಗೂ ಹೀಗೇ ಆಗಿತ್ತಲ್ಲಮ್ಮ’ ಎಂದರು. ಟಿಪ್ಪು ಸುಲ್ತಾನ್ ಮಡಿದ ಮೇಲೆ, 1799ರಲ್ಲಿ, ಸುಮಾರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ಒಪ್ಪಂದ ಮಾಡಿಸಿತು. ವರ್ಷಕ್ಕೆ 7 ಲಕ್ಷ ವರಹ ಕಪ್ಪ ಕೊಡಬೇಕು, ಆಡಳಿತ ಸರಿಯಿಲ್ಲ ಎಂದು ಕಂಪನಿಗೆ ಅನ್ನಿಸಿದರೆ ಅದೇ ಆಡಳಿತ ವಹಿಸಿಕೊಳ್ಳಬಹುದು. ಕಂಪನಿಯ ಆಡಳಿತ ಸರಿಯಿಲ್ಲದಿದ್ದರೆ ಏನು ಮಾಡಬೇಕು? ಅದಕ್ಕೆ ಕಲಮು ಇರಲಿಲ್ಲ. 1831ರಲ್ಲಿ ಕಂಪನಿ ಹಾಗೇ ವಹಿಸಿಕೊಂಡಿತು. ಬ್ರಿಟಿಷರು ರಾಜ್ಯ ಮರಳಿಸಿದ್ದು 1881ರಲ್ಲಿ, ಅದೂ ವಾರ್ಷಿಕ ಕಪ್ಪವನ್ನು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಯಿಂದ 35 ಲಕ್ಷಕ್ಕೆ ಏರಿಸುವ ಷರತ್ತಿನೊಂದಿಗೆ. ಜಪಾನ್ 1899ಕ್ಕೆ ಪರದೇಶಿ ನ್ಯಾಯಾಲಯಗಳಿಂದ ಬಿಡಿಸಿಕೊಂಡಿತು, 1911ಕ್ಕೆ ಸುಂಕದ ಹಕ್ಕನ್ನೂ ಪೂರ್ತಿ ಮರಳಿ ಪಡೆಯಿತು. ನಮ್ಮದು ತಡವಾಯಿತು.

‘ಹಾಗಾದರೆ ತಾತ, ಲಾಪ್‌ಸೈಡೆಡ್ ಅಂದರೆ ವಾಲಿದ ಒಪ್ಪಂದ ಅನ್ನಬಹುದಾ?’ ಎಂದು ಕೇಳಿದೆ.

ತಾತ ಕನ್ನಡಕ ತೆಗೆದು ಒರೆಸಿಕೊಂಡರು. ‘ಗೋಡೆ ತಾನೇ ವಾಲುತ್ತೆ. ಒಪ್ಪಂದ ತಾನೇ ವಾಲುತ್ತಾ? ಯಾರೋ ವಾಲಿಸಬೇಕು.’

ವಾಲಿದ, ವಾಲಿಸಿದ. ನಡುವೆ ಇರುವುದು ಒಂದು ‘ಸಿ’ ಮಾತ್ರ. ಇಂಗ್ಲಿಷ್ ಪದ ಹಡಗು ವಾಲಿದೆ ಎಂದಷ್ಟೇ ಹೇಳುತ್ತದೆ, ಮೂಟೆ ಪೇರಿಸಿದವರು ಯಾರು ಎಂದು ಕೇಳುವುದಿಲ್ಲ.

ಮುಂದಿನ ಶನಿವಾರ ಮೇಷ್ಟ್ರಿಗೆ ಒಂದಲ್ಲ, ಮೂರು ಪದ ಕೊಟ್ಟೆ. ಜಡೆಗೆ ಸೊಟ್ಟ, ಪಂದ್ಯಕ್ಕೆ ಏಕಪಕ್ಷೀಯ, ಒಪ್ಪಂದಕ್ಕೆ ವಾಲಿಸಿದ. ಸ್ನೇಹಕ್ಕೆ ಇನ್ನೂ ಪದ ಸಿಕ್ಕಿಲ್ಲ. ನಿಮ್ಮ ಮನೆಯಲ್ಲಿ ಏನನ್ನುತ್ತಾರೆ ಎಂದು ತಿಳಿಸಿದರೆ ಬರೆದುಕೊಳ್ಳುತ್ತೇನೆ.