ಕಡಲಿಗೆ ಯಾವ ಗಾಳ? – ಒಂದು ಚಾರಿತ್ರಿಕ ನೋಟ



ಬೆಳ್ಳಿಹಬ್ಬದ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಘದವರು ಕೇಳಿದರು. ರೇಷ್ಮೆ, ಹಾಲು, ಟೊಮೆಟೊ ಇವುಗಳ ಬಗ್ಗೆ ಬರೆಯಲು ನನಗಿಂತ ಬಲ್ಲವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದ್ದರಿಂದ ಯಾರೂ ಮುಟ್ಟದ ವಿಷಯವೊಂದನ್ನು ಹಿಡಿದಿದ್ದೇನೆ: ಕಡಲ ಮೀನು ಹಿಡಿಯುವ ಗಾಳ. ಮುರುಗಮಲ್ಲಕ್ಕೂ ಕಡಲಿಗೂ ಎತ್ತಣಿಂದೆತ್ತಣ ಸಂಬಂಧ ಅಂತ ನೀವು ಕೇಳುವುದು ಸಹಜ. ಮಂಗಳೂರಾಗಲಿ ಚೆನ್ನೈ ಆಗಲಿ ನಮಗೆ ಒಂದು ರಾತ್ರಿ ಬಸ್ಸಿನ ದೂರ. ಮೈದುಂಬಿ ಹರಿಯುವ ಹೊಳೆ ಕೂಡ ನಮಗಿಲ್ಲ, ಇರುವುದು ಕೆರೆಗಳು ಮಾತ್ರ. ಆದರೂ ನಮ್ಮ ಸಹಕಾರ ಸಂಘಗಳು ಹುಟ್ಟಿದ ಕತೆಯೂ ಕಡಲ ಗಾಳದ ಕತೆಯೂ ಒಂದು ಕಡೆ ಒಂದೇ ಮನುಷ್ಯನ ಕೈಯಲ್ಲಿ ಬಂದು ಸೇರುತ್ತವೆ. ಅಲ್ಲಿಗೆ ಹೋಗುವ ಮುಂಚೆ ಗಾಳದ ಹಿಂದಿನ ಚರಿತ್ರೆ ಸ್ವಲ್ಪ ನೋಡೋಣ.

ನಮ್ಮ ಕೆರೆ ಏರಿ ಮೇಲೆ ಕೂರುವ ಹುಡುಗರ ಸರಂಜಾಮು ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಬಿದಿರು ಕಡ್ಡಿ, ನೈಲಾನ್ ದಾರ, ಜೋಳದ ದಂಟಿನ ಬೆಂಡು, ಚಿಕ್ಕ ಗಾಳ, ಎರೆಹುಳು. ಬೆಂಡು ಮುಳುಗಿದ ಕೂಡಲೇ ಜಾಡಿಸಿ ಎಳೆಯುವುದು. ಕೊರಮೀನಿಗೆ ಆದರೆ ಗಾಳ ಸ್ವಲ್ಪ ದೊಡ್ಡದು, ಎರೆಹುಳುವಿನ ಬದಲು ಕಪ್ಪೆಮರಿ. ಅಂದರೆ ಮೀನಿಗೆ ತಕ್ಕ ಗಾಳ ಎಂಬ ತತ್ವ ನಮ್ಮ ಹುಡುಗರಿಗೂ ತಿಳಿದಿದೆ. ಗಾಳ ಎಂಬ ಮಾತು ಸಹ ನಮಗೆ ಎರಡು ಕಡೆಯಿಂದಲೂ ಪರಿಚಿತ. ಮನೆಯಲ್ಲಿ ತೆಲುಗು ಆಡುವವರು ಗಾಲಂ ಎನ್ನುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಬಡಿಶ ಎಂದು ಹೆಸರು.

ಗಾಳ ಎಷ್ಟು ಹಳೆಯದು? ಜಪಾನಿನ ಓಕಿನಾವಾ ದ್ವೀಪದ ಒಂದು ಗುಹೆಯಲ್ಲಿ ಕಡಲ ಶಂಖದ ಚಿಪ್ಪನ್ನು ತೇಯ್ದು ಮಾಡಿದ ಗಾಳಗಳು ಸಿಕ್ಕಿದ್ದು, ಅವು ಸುಮಾರು 23,000 ವರ್ಷ ಹಿಂದಿನವೆಂದು 2016ರಲ್ಲಿ ವಿದ್ವಾಂಸರು ಪ್ರಕಟಿಸಿದರು. ನಮ್ಮ ಸಿಂಧೂ ಕಣಿವೆಯ ಮೊಹೆಂಜೊದಾರೊ, ಹರಪ್ಪಗಳಲ್ಲಿ ತಾಮ್ರದ ಗಾಳಗಳು ದೊರೆತಿವೆ. ಅವುಗಳಲ್ಲಿ ಕೆಲವಕ್ಕೆ ತುದಿಯ ಒಳಗಡೆ ಹಿಂಬದಿಗೆ ತಿರುಗಿದ ಮುಳ್ಳು ಸಹ ಇದೆ. ಈ ಮುಳ್ಳು ಸಣ್ಣ ಸಂಗತಿ ಅಲ್ಲ. ಬರೀ ಕೊಕ್ಕೆಯಾದರೆ ದಾರ ಸ್ವಲ್ಪ ಸಡಿಲವಾದರೂ ಮೀನು ಕಳಚಿಕೊಂಡು ಹೋಗುತ್ತದೆ, ಮುಳ್ಳಿದ್ದರೆ ಹೋಗಲಾರದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಆ ತಾಮ್ರದ ಗಾಳವನ್ನು ಇವತ್ತಿನ ಅಂಗಡಿಯ ಗಾಳದ ಪಕ್ಕದಲ್ಲಿಟ್ಟರೆ ಆಕಾರದಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಕಾಣದು.

ಇನ್ನು ನಮ್ಮ ಕನ್ನಡ ನಾಡಿಗೆ ಬರೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದವನು, ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ಬೃಹದ್ಗ್ರಂಥವನ್ನು ರಚಿಸಿದ. ಇದಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂದು ಇನ್ನೊಂದು ಹೆಸರು. (ಹೆಸರಿನಲ್ಲಿ ನಮ್ಮ ತಾಲ್ಲೂಕು ಇದೆ, ಆದರೆ ಸಂಬಂಧವೇನೂ ಇಲ್ಲ. ಕೇಳಿ ಖುಷಿಪಡುವುದಕ್ಕೆ ಅಡ್ಡಿಯಿಲ್ಲ!) ತಲಾ ಇಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ. ರಾಜ್ಯಭಾರ, ಅಡಿಗೆ, ಸಂಗೀತ, ಆನೆ, ಕುದುರೆ ಎಲ್ಲವೂ ಅದರಲ್ಲಿವೆ. ಅದರಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯ ಪೂರ್ತಿ ಗಾಳದ ಮೀನುಬೇಟೆಗೇ ಮೀಸಲು.

ಈ ಅಧ್ಯಾಯವನ್ನು ಓದುವಾಗ ಅಚ್ಚರಿಯಾಗುವುದು ರಾಜನ ವಿನೋದಕ್ಕಲ್ಲ, ಅವನ ಲೆಕ್ಕಾಚಾರಕ್ಕೆ. ಅವನು ಗಾಳದಿಂದ ಶುರು ಮಾಡುವುದಿಲ್ಲ, ಮೀನಿನಿಂದ ಶುರು ಮಾಡುತ್ತಾನೆ. ಕಡಲಿನವು ಯಾವುವು, ನದಿಯವು ಯಾವುವು, ಹುರುಪೆ ಇದ್ದವು ಯಾವುವು, ಇಲ್ಲದವು ಯಾವುವು, ದೊಡ್ಡವು ಯಾವುವು, ಸಣ್ಣವು ಯಾವುವು ಎಂದು ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಹೆಸರಿಸಿ ವಿಂಗಡಿಸುತ್ತಾನೆ. ಯಾವುದಕ್ಕೆ ಯಾವ ಆಹಾರ ಹಾಕಿ ಒಂದೇ ಜಾಗಕ್ಕೆ ಬರುವಂತೆ ರೂಢಿ ಮಾಡಿಸಬೇಕು ಎಂಬುದು ಆಮೇಲೆ. ದಾರ, ಕೋಲು, ಗಾಳದ ಮಾತು ಬರುವುದು ಅದರ ನಂತರ. ಕಡಲಿಲ್ಲದ ಕಲ್ಯಾಣದಲ್ಲಿ ಕೂತು ಕಡಲ ಮೀನಿನ ಪಟ್ಟಿ ಕೊಟ್ಟಿದ್ದಾನೆಂದರೆ ಕೊಂಕಣ ತೀರದ ಬೆಸ್ತರ ಅನುಭವ ಅವನ ಆಸ್ಥಾನದವರೆಗೆ ತಲುಪಿತ್ತು ಎಂದೇ ನನ್ನ ಎಣಿಕೆ. ಈ ಗ್ರಂಥದ ಮೊದಲ ಭಾಗ 1926ರಲ್ಲಿ ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಮೈಸೂರಿನಿಂದಲೂ ಪ್ರಕಟವಾಯಿತು. ಮತ್ಸ್ಯವಿನೋದವನ್ನು ಮೀನು ವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ವಿವರವಾಗಿ ಪರಿಶೀಲಿಸಿ ಬರೆದರು.

ಸೋಮೇಶ್ವರನ ನಂತರ ಏಳು ಶತಮಾನ ದಾಟಿ ಮಂಗಳೂರಿಗೆ ಬಂದರೆ ಅಲ್ಲಿ ಎಚ್.ಎಸ್. ಥಾಮಸ್ ಎಂಬ ಆಂಗ್ಲ ಅಧಿಕಾರಿ ಸಿಗುತ್ತಾನೆ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದವನು. 1873ರಲ್ಲಿ ಮಂಗಳೂರಿನಲ್ಲೇ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಅಚ್ಚು ಹಾಕಿಸಿದ. ಅವನ ಪ್ರೀತಿ ಎಲ್ಲಾ ಹೊಳೆಯ ಮಹಶೀರ್ ಮೀನಿನ ಮೇಲೆ. ಆ ಮೀನಿನ ಬಾಯಿಯ ಹಿಡಿತಕ್ಕೆ ವಿಲಾಯತಿಯ ತೆಳು ಗಾಳ ಅಪ್ಪಚ್ಚಿಯಾಗುತ್ತದೆ, ಆದ್ದರಿಂದ ಗಟ್ಟಿ ಗಾಳವನ್ನೇ ಆರಿಸಿಕೊಳ್ಳಿ ಎಂದು ಅವನು ಎಚ್ಚರಿಸಿದ್ದಾನೆ. 1887ರಲ್ಲಿ ಕೆರೆ ಮೀನುಬೇಟೆಗೆಂದೇ ಇನ್ನೊಂದು ಪುಸ್ತಕ ಬರೆದ. ನಮ್ಮಂಥ ಕೆರೆ ಸೀಮೆಯವರಿಗೆ ಹೇಳಿ ಮಾಡಿಸಿದ ವಿಷಯ.

ಅಷ್ಟು ಹೊತ್ತಿಗೆ ಕುಲುಮೆಯ ಗಾಳದ ಕಾಲ ಮುಗಿಯುತ್ತಾ ಬಂದಿತ್ತು. ಇಂಗ್ಲೆಂಡಿನ ರೆಡ್ಡಿಚ್ ಎಂಬ ಸೂಜಿ ತಯಾರಿಸುವ ಊರಿನಲ್ಲಿ ಸೂಜಿಯ ಜೊತೆಗೆ ಗಾಳವೂ ಆಗುತ್ತಿತ್ತು. 1877ರಲ್ಲಿ ನಾರ್ವೆಯ ಮುಸ್ತಾದ್ ಕಂಪನಿಯವರು ತಂತಿಯನ್ನು ಕತ್ತರಿಸಿ, ಬಗ್ಗಿಸಿ, ಮುಳ್ಳು ಎಬ್ಬಿಸುವ ಯಂತ್ರ ಮಾಡಿಕೊಂಡರು. ಗಾಳಕ್ಕೆ ನಂಬರು ಇರುತ್ತದೆ. ಈ ನಂಬರು ಹೊಸಬರನ್ನು ದಾರಿ ತಪ್ಪಿಸುತ್ತದೆ. 1ನೇ ನಂಬರಿಗಿಂತ 6 ಸಣ್ಣದು, 6ಕ್ಕಿಂತ 12 ಇನ್ನೂ ಸಣ್ಣದು. ನಮ್ಮ ಪಂಪ್‌ಸೆಟ್ ತಂತಿಯ ಗೇಜಿನ ಹಾಗೆ, ನಂಬರು ಏರಿದಷ್ಟೂ ತೆಳು. ಆದರೆ ಪಕ್ಕದಲ್ಲಿ ಸೊನ್ನೆ ಇದ್ದರೆ ಲೆಕ್ಕ ತಿರುಗುಮುರುಗು. 1/0ಕ್ಕಿಂತ 5/0 ದೊಡ್ಡದು, 10/0 ಇನ್ನೂ ದೊಡ್ಡದು. ಕಡಲಿಗೆ ಹೆಚ್ಚಾಗಿ ಬೇಕಾಗುವುದು ಈ ಸೊನ್ನೆಯ ಸಾಲು.

ನಮ್ಮ ಕರಾವಳಿಯ ಮೀನುಗಾರರು ಮೀನಿನ ಮೈ ನೋಡಿ ಗಾಳ ಆರಿಸುವುದಿಲ್ಲ, ಬಾಯಿ ನೋಡಿ ಆರಿಸುತ್ತಾರೆ. ಬಂಗುಡೆಗೆ ಒಂದೇ ದಾರಕ್ಕೆ ಐದಾರು ಸಣ್ಣ ಗಾಳ ಕಟ್ಟಿ, ಪುಕ್ಕವನ್ನೋ ಮಿನುಗುವ ನೂಲನ್ನೋ ಸಿಕ್ಕಿಸಿದರೆ ಸಾಕು. ಅಂಜಲ್ ಮೀನಿನ ಹಲ್ಲು ಕತ್ತರಿ ಇದ್ದಂತೆ. ಗಾಳದ ದಂಡಿ ಉದ್ದ ಇರಬೇಕು, ದಾರಕ್ಕೂ ಗಾಳಕ್ಕೂ ನಡುವೆ ಉಕ್ಕಿನ ತಂತಿ ಇರಬೇಕು. ಇಲ್ಲವಾದರೆ ಮೀನೂ ಹೋಯಿತು, ಗಾಳವೂ ಹೋಯಿತು. ಬಂಡೆಯ ಸಂದಿಯಲ್ಲಿರುವ ಮುರು ಮೀನು ಕಚ್ಚಿದ ತಕ್ಷಣ ಬಿಲಕ್ಕೆ ನುಗ್ಗುವುದರಿಂದ ದಂಡಿ ಗಿಡ್ಡವಾಗಿ ತಂತಿ ದಪ್ಪವಾಗಿ ಇರಬೇಕು. ತಾಟೆಗೆ, ಅಂದರೆ ಶಾರ್ಕಿಗೆ, ಸರಪಳಿಯೇ ಬೇಕು. ತಂತಿ ದಪ್ಪವಾದಷ್ಟೂ ಬಲ ಹೆಚ್ಚು, ಆದರೆ ಚುಚ್ಚುವುದು ಕಷ್ಟ. ಉಪ್ಪುನೀರಿಗೆ ಬರೀ ಕಬ್ಬಿಣ ನಿಲ್ಲದು, ತವರದ ಕಲಾಯಿ ಬೇಕು. ತುಕ್ಕೇ ಹಿಡಿಯದ ಸ್ಟೇನ್‌ಲೆಸ್ ಗಾಳ ಇನ್ನೂ ಮೇಲು ಅನ್ನಿಸಬಹುದು. ಆದರೆ ದಾರ ಹರಿದುಕೊಂಡು ಹೋದ ಮೀನಿನ ಬಾಯಲ್ಲಿ ಕಲಾಯಿ ಗಾಳವಾದರೆ ಕಾಲಕ್ರಮೇಣ ತುಕ್ಕು ಹಿಡಿದು ಉದುರುತ್ತದೆ, ಸ್ಟೇನ್‌ಲೆಸ್ ಬೇಗ ಬಿಡದು.

ಇಷ್ಟೆಲ್ಲಾ ಬಲ್ಲ ಮೀನುಗಾರನಿಗೆ ಬೇಕಾದ ಗಾಳ ಕೊಳ್ಳುವ ಸ್ವಾತಂತ್ರ್ಯ ಇತ್ತೇ? ಇಲ್ಲಿಗೆ ಬರುತ್ತಾನೆ ನಾನು ಮೊದಲು ಹೇಳಿದ ಮನುಷ್ಯ, ಸರ್ ಫ್ರೆಡರಿಕ್ ನಿಕಲ್ಸನ್. ಮದರಾಸು ಸರ್ಕಾರದ ಅಧಿಕಾರಿ. ರೈತರ ಸಾಲದ ಸಮಸ್ಯೆಯನ್ನು ಅಭ್ಯಸಿಸಿ 1895 ಮತ್ತು 1897ರಲ್ಲಿ ಎರಡು ಸಂಪುಟಗಳ ವರದಿ ಕೊಟ್ಟ. ಜರ್ಮನಿಯ ರೈಫಿಸನ್ ಮಾದರಿಯ ಹಳ್ಳಿ ಸಂಘಗಳೇ ಇದಕ್ಕೆ ಮದ್ದು ಎಂಬುದು ಅದರ ಸಾರ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಗೆ ಬುನಾದಿಯಾದದ್ದು ಆ ವರದಿ. ಮರುವರ್ಷವೇ ಗದಗದ ಬಳಿ ಕಣಗಿನಹಾಳದಲ್ಲಿ ಸಂಘ ಹುಟ್ಟಿತು. ಆ ಸಾಲಿನಲ್ಲಿ ನಾವೂ ಇದ್ದೇವೆ. ಸಹಕಾರ ಚಳವಳಿಯ ಪುಸ್ತಕಗಳಲ್ಲಿ ನಿಕಲ್ಸನ್ ಕತೆ ಹೆಚ್ಚಾಗಿ ಇಲ್ಲಿಗೇ ಮುಗಿಯುತ್ತದೆ. ಅವನು ಮುಂದೆ ಹಿಡಿದ ಕೆಲಸ ಮೀನುಗಾರಿಕೆ! ಜಪಾನಿಗೆ ಹೋಗಿ ಅಲ್ಲಿನ ಪದ್ಧತಿ ನೋಡಿ ಬಂದು, 1907ರಲ್ಲಿ ಶುರುವಾದ ಮದರಾಸು ಮೀನುಗಾರಿಕೆ ಇಲಾಖೆಯ ಮೊದಲ ಗೌರವ ನಿರ್ದೇಶಕನಾದ. ದಕ್ಷಿಣ ಕನ್ನಡ 1956ರವರೆಗೂ ಮದರಾಸಿಗೆ ಸೇರಿದ್ದರಿಂದ ಮಂಗಳೂರು, ಮಲ್ಪೆಯ ತೀರವೂ ಆ ಇಲಾಖೆಗೇ ಸೇರಿತ್ತು.

ರೈತನ ಸಾಲ ನೋಡಿದ ಕಣ್ಣಿಗೆ ಬೆಸ್ತನ ಸಾಲ ಕಾಣದೆ ಇದ್ದೀತೇ? ದೋಣಿ, ಹಗ್ಗ, ನೂಲು, ಗಾಳ ಎಲ್ಲಾ ವ್ಯಾಪಾರಿಯ ಮುಂಗಡ. ಹಿಡಿದ ಮೀನು ಅವನಿಗೇ, ಅವನು ಹೇಳಿದ ದರಕ್ಕೇ. ಮಂಡಿಯ ಮುಂಗಡ ಕಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಕಟ್ಟಿಗೆ ಸಿಕ್ಕಿದವನು ಅಂಜಲಿಗೆ 7/0 ಬೇಕು ಅಂತ ಎಷ್ಟೇ ಬಲ್ಲವನಾದರೂ ಮುಂಗಡ ಕೊಟ್ಟವನು ತಂದದ್ದನ್ನೇ ಕಟ್ಟಬೇಕು. ಮೀನುಗಾರರಲ್ಲೂ ಸಹಕಾರ ಸಂಘ ಕಟ್ಟಲು ಇಲಾಖೆ ಕೈಹಾಕಿದ್ದು ಇದೇ ಕಾರಣಕ್ಕೆ. ಸ್ವಾತಂತ್ರ್ಯಾನಂತರ ಮೀನುಗಾರರ ಸಂಘಗಳು ನೂಲು, ಬಲೆ, ಡೀಸೆಲ್ ಒದಗಿಸುವ ಮಟ್ಟಕ್ಕೆ ಬೆಳೆದವು.

1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ನೂರಾರು ಜನ ದಡದಲ್ಲಿ ನಿಂತು ಎಳೆದು ಹಂಚಿಕೊಳ್ಳುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಗಾಳ ಮಾತ್ರ ಹೋಗಲಿಲ್ಲ. ಕಣ್ಣು ಸಣ್ಣಗಿರುವ ಬಲೆ ಮರಿಯನ್ನೂ ತಾಯಿಯನ್ನೂ ಕೂಡಿಯೇ ಎತ್ತುತ್ತದೆ. ದೊಡ್ಡ ಗಾಳವನ್ನು ಮರಿ ಮೀನು ನುಂಗಲಾರದು. ಗಾಳ ಆರಿಸುವುದೆಂದರೆ ಯಾವುದನ್ನು ಬಿಡಬೇಕೆಂದು ಆರಿಸುವುದೂ ಹೌದು.

ಈಚಿನ ದಶಕಗಳಲ್ಲಿ ವೃತ್ತಾಕಾರದ ಗಾಳದ ಮಾತು ಹೆಚ್ಚಾಗಿದೆ. ಇದರ ತುದಿ ದಂಡಿಯ ಕಡೆಗೆ ಒಳಕ್ಕೆ ತಿರುಗಿರುತ್ತದೆ. ನುಂಗಿದರೂ ಹೊಟ್ಟೆಯಲ್ಲಿ ನಾಟದೆ ಜಾರಿ ಬಂದು ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದರಿಂದ ಕಡಲಾಮೆಗಳು ಸಾಯುವುದು ಕಡಿಮೆ, ಬೇಡದ ಮೀನನ್ನು ಜೀವಸಹಿತ ಬಿಡಬಹುದು. ಪೆಸಿಫಿಕ್ ದ್ವೀಪದವರು ಮೂಳೆ, ಚಿಪ್ಪುಗಳಲ್ಲಿ ಹಿಂದೆಯೇ ಮಾಡುತ್ತಿದ್ದ ಆಕಾರವಿದು. ಆದರೆ ಹೊಸ ಗಾಳಕ್ಕೆ ಕೈ ಪಳಗಲು ದಿನ ಹಿಡಿಯುತ್ತದೆ. ಸಂಜೆ ಮುಂಗಡ ತೀರಿಸಬೇಕಾದವನಿಗೆ ಅಷ್ಟು ಪುರುಸೊತ್ತೆಲ್ಲಿ? ನಾಲ್ಕು ದಿನ ಕಡಿಮೆ ಮೀನು ಸಿಕ್ಕರೂ ತಡೆದುಕೊಳ್ಳುವಂತೆ ಹಿಂದೆ ಒಂದು ಸಂಘ ಇದ್ದರೆ ಮಾತು ಬೇರೆ. ಏಕೆಂದರೆ ಈ ಗಾಳವನ್ನು ಜಾಡಿಸಬಾರದು, ನಿಧಾನಕ್ಕೆ ಒಂದೇ ಸಮನೆ ಎಳೆಯಬೇಕು. ನಮ್ಮ ಕೆರೆ ಏರಿಯ ಹುಡುಗರ ಕೈಗೆ ಕೊಟ್ಟರೆ ಮೊದಲ ದಿನ ಬರಿಗೈಲಿ ಮನೆಗೆ ಬರುವುದು ಖಂಡಿತ.