ಮಮದಾಪುರ
ವಿಜಯಪುರ ಜಿಲ್ಲೆ ಬಬಲೇಶ್ವರ ತಾಲ್ಲೂಕಿನ ಗ್ರಾಮ. ಜಿಲ್ಲಾಕೇಂದ್ರದ ನೈಋತ್ಯಕ್ಕಿದೆ. ಹೆಸರು ಬಂದುದು ಗೋಳಗುಮ್ಮಟದಲ್ಲಿ ಮಲಗಿರುವ ಸುಲ್ತಾನ ಮಹಮ್ಮದ್ ಆದಿಲ್‌ಶಾಹನಿಂದ (ಆಳ್ವಿಕೆ 1627–1656). ಊರಿನ ಹಿರಿಮೆ ಅವನ ಕಾಲದ ದೊಡ್ಡ ಕೆರೆ. ಪಕ್ಕದಲ್ಲೊಂದು ಚಿಕ್ಕ ಕೆರೆಯೂ ಉಂಟು. ಕೊಂಕಣದ ಹಸಿರಿಗೆ ಮರುಳಾದ ಸುಲ್ತಾನ, ಅಂಥದೇ ಊರೊಂದು ರಾಜಧಾನಿಯ ಹತ್ತಿರ ಬೇಕೆಂದು ಕೆರೆ ಕಟ್ಟಿಸಿ, ಭತ್ತ ಬೆಳೆಯಬಲ್ಲ ಕೊಂಕಣಿಗರನ್ನು ಕರೆತಂದು ನೆಲೆಗೊಳಿಸಿದನೆಂಬುದು ಪ್ರತೀತಿ. ಬಿಳಿಜೋಳದ ಎರಿನಾಡಿನಲ್ಲಿ ಭತ್ತದ ಗದ್ದೆಯ ಕನಸು ಕಂಡದ್ದು ಅರಸನಿಗಷ್ಟೇ ಒಪ್ಪುವ ಹಂಬಲ! ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆ ಬತ್ತಿ ಬಿರುಕು ಬಿಡುತ್ತಿತ್ತು. ಇತ್ತೀಚೆಗೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಹರಿದುಬಂದು ಅದಕ್ಕೆ ಮರುಜೀವ ಬಂದಿದೆ. ಊರಿನ ಸುತ್ತಲಿನ ಮೀಸಲು ಅರಣ್ಯವೂ ಈ ಬಯಲುಸೀಮೆಯಲ್ಲಿ ಅಪರೂಪವೇ.